ಡೆನ್ಸಿಟಿ ಇಲ್ಲದ ಕೈ

ಗುಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದ ಸದ್ದು ಹಿರೇಕೊಡಿಗೆವರೆಗೂ ಕೇಳಿತ್ತು. ಬಲಗೈಯ ಮಣಿಕಟ್ಟು ಮುರಿಯಿತು. ಕೊಪ್ಪದಲ್ಲಿ ಹಾಕಿದ ಸಿಮೆಂಟು ಪಟ್ಟಿ ಬಿಚ್ಚಿದಾಗ ಒಳಗಿಂದ ಬಂದದ್ದು ನುಗ್ಗೆಕಾಯಿಯೂ ನಾಚುವಂಥ ಕೈ. ಡಾಕ್ಟರು ಅದನ್ನು ಮಿಷನ್ನಿನಡಿ ಇಡಿಸಿ, "ಮೂಳೆ ಕೂಡಿದೆ ಅಜ್ಜಿ. ಆದ್ರೆ ಡೆನ್ಸಿಟಿ ಕಡಿಮೆಯಾಗಿದೆ. ಮಾತ್ರೆ ತಗೊಳ್ಳಿ, ಸ್ವಲ್ಪ ಬಿಸಿಲು ಕಾಯಿಸಿ" ಎಂದರು.

ಜೊತೆಗೆ ಹೋಗಿದ್ದ ಸೊಸೆ ಸುಮಲತಾಳಿಗೆ ಡೆನ್ಸಿಟಿ ಎಂಬ ಮಾತು ತಿಳಿಯಲಿಲ್ಲ. ಗುಡ್ಡಮ್ಮನಿಗೆ ಚೆನ್ನಾಗಿ ತಿಳಿಯಿತು. ಅವಳು ಕೆಲಸಕ್ಕೆ ಹೋಗುವ ಭಂಡಿಗಡಿಯ ಯಮುನಮ್ಮನವರ ಮನೆಗೆ ಕಾಳುಮೆಣಸು ಕೊಳ್ಳಲು ಬರುವ ವ್ಯಾಪಾರಿ ವರ್ಷವೂ ಅದನ್ನೇ ಹೇಳುತ್ತಿದ್ದ. ಲೀಟರ್ ಡಬ್ಬದಲ್ಲಿ ಮೆಣಸು ತುಂಬಿ, ತೂಗಿ, ಮುಖ ಸಿಂಡರಿಸಿ "ಡೆನ್ಸಿಟಿ ಇಲ್ಲ" ಎಂದರೆ ಕಾಳು ಜೊಳ್ಳು ಎಂದರ್ಥ. ಆ ಜೊಳ್ಳನ್ನು ಮೊರದಲ್ಲಿ ಕೇರಿ ಹಾರಿಸುವುದರಲ್ಲಿ ಗುಡ್ಡಮ್ಮನನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಹುಟ್ಟಿರಲಿಲ್ಲ. ಅವಳು ಮಣಿಕಟ್ಟು ಕುಣಿಸಿದರೆ ಜೊಳ್ಳು ಶೃಂಗೇರಿ ದಾಟಿ ಬೀಳುತ್ತಿತ್ತು. ಈಗ ಮಣಿಕಟ್ಟೇ ಜೊಳ್ಳು.

ಯಮುನಮ್ಮ ಮೊರವನ್ನು ಜೊತೆ ಕೆಲಸದ ಕುಸುಮಾಳ ಕೈಗೆ ಕೊಟ್ಟುಬಿಟ್ಟರು. "ಡೆನ್ಸಿಟಿ ಬರೋವರೆಗೆ ನೀನು ಮುಟ್ಟಬೇಡ ಮಾರಾಯ್ತಿ. ಮತ್ತೆ ಮುರಿದ್ರೆ ಇನ್ನೊಂದು ಕೈ ಎಲ್ಲಿಂದ ತರ್ಲಿ ನಾನು?"

ಮೊರ ಹೋದರೆ ಆ ಅಂಗಳದಲ್ಲಿ ಗುಡ್ಡಮ್ಮ ಬರೀ ಒಬ್ಬಳು ಅಜ್ಜಿ.

ಹಸಿ ಮೆಣಸು ಬಿಸಿಲಿಗೆ ಬಿದ್ದರೆ ಗಟ್ಟಿಯಾಗುತ್ತದೆ. ಗುಡ್ಡಮ್ಮ ದಿನಾ ಬಂದು ಮೆಣಸು ಹರವಿದ ಟಾರ್ಪಾಲಿನ ಅಂಚಿಗೆ ಕೂತು, ಮೈಮೇಲೆಲ್ಲ ಕೊಡೆ ಹಿಡಿದು, ಬಲಗೈಯೊಂದನ್ನು ಮೆಣಸಿನ ಜೊತೆ ಒಣಗಲು ಇಟ್ಟಳು. ಆಗಾಗ ಮೆಣಸನ್ನು ಕಾಲಿನಿಂದ ಕೆದಕಿ, ಕೈಯನ್ನೂ ಮಗುಚಿ ಹಾಕುತ್ತಿದ್ದಳು.

"ಎಂತ ಗುಡ್ಡಮ್ಮಕ್ಕ, ಕೈಯನ್ನೂ ಮಾರ್ತೀಯಾ?" ಎಂದಳು ಕುಸುಮಾ.

"ನೀನು ನೋಡಿ ಕೇರು. ಜೊಳ್ಳು ಮೊರದಲ್ಲಿದೆ, ಕಾಳು ಚರಂಡೀಲಿದೆ."

ಮುಂದಿನ ಸಲ ಡಾಕ್ಟರು ನೋಡುವಾಗ ಬಲಗೈ ಮೊಣಕೈವರೆಗೆ ಕರ್ರಗಾಗಿತ್ತು. ಎಡಗೈ ಬೇರೆ ಯಾರದ್ದೋ ಎಂಬಂತಿತ್ತು.

"ಈ ಕೈಲಿ ಎಂತ ಕೆಲಸ ಮಾಡ್ತೀರಿ?"

"ಎಂತದೂ ಇಲ್ಲ. ಒಣಗಿಸ್ತಾ ಇದ್ದೀನಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂಳೆ ಸಂಡಿಗೆ ಅಲ್ಲ ಅಜ್ಜಿ. ಸುಮ್ನೆ ಇಟ್ರೆ ಡೆನ್ಸಿಟಿ ಇನ್ನೂ ಇಳಿಯುತ್ತೆ. ಕೈಗೆ ನಿಧಾನಕ್ಕೆ ಕೆಲಸ ಕೊಡಿ. ಪೂರ್ತಿ ಬರೋಕೆ ವರ್ಷವಾದ್ರೂ ಬೇಕು, ಬರದೇನೇ ಇರಬಹುದು."

ಗುಡ್ಡಮ್ಮ ಇದರಲ್ಲಿ "ಕೆಲಸ ಕೊಡಿ" ಎಂಬಷ್ಟನ್ನು ಮಾತ್ರ ಕಟ್ಟಿಕೊಂಡು ನೇರ ಭಂಡಿಗಡಿಗೆ ಬಂದಳು. ಕುಸುಮಾಳ ಕೈಯಿಂದ ಮೊರ ಕಸಿದುಕೊಂಡಳು.

"ಡೆನ್ಸಿಟಿ ಬಂತಾ?" ಯಮುನಮ್ಮ ಕೇಳಿದರು.

"ಕೇರಿದ್ರೆ ಬರ್ತದಂತೆ. ಡಾಕ್ಟ್ರೇ ಹೇಳಿದ್ದು."

ಮೊರ ಮೊದಲ ಸಲ ಎತ್ತುತ್ತಲೇ ಮಣಿಕಟ್ಟು ಚುಳ್ಳೆಂದಿತು. ಅರ್ಧ ಮೆಣಸು ಅಂಗಳದ ಪಾಲಾಯಿತು. ಯಮುನಮ್ಮ ಬಂದು ಮೊರದ ಅಂಚು ಹಿಡಿದರು. ಗುಡ್ಡಮ್ಮ ಬಿಡಲಿಲ್ಲ. ಮೊರದಲ್ಲಿ ಒಂದು ಮುಷ್ಟಿ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಟಾರ್ಪಾಲಿಗೆ ಸುರಿದಳು.

"ಮುಷ್ಟಿ ಮುಷ್ಟಿ ಕೇರ್ತಾ ಕೂತ್ರೆ ಮಳೆಗಾಲ ಬರ್ತದೆ ಕಣೇ."

"ಬರ್ಲಿ ಬಿಡಿ ಅಮ್ಮ. ನಂಗೆ ಅದ್ರ ಹತ್ರ ಎಂತ ಜಗಳ?"

ಯಮುನಮ್ಮ ಅಂಚು ಬಿಟ್ಟರು. ಕುಸುಮಾ ಬೇರೆ ಮೊರ ತರಲು ಒಳಗೆ ಹೋದಳು.