ಟೀಚರ್ ತಿನ್ನದ ಹಣ್ಣು

"ಹಿಂದ್ಲ ಬಾಗ್ಲಿಗೆ ಚಿಲಕ ಹಾಕಿದ್ದೀನಾ ಮಾರಮ್ಮ?" ಚನ್ನಬಸಮ್ಮ ಆ ಬೆಳಿಗ್ಗೆ ಮೂರನೆಯ ಸಲ ಕೇಳಿದಳು.

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸಹಾಯಕಿ ಮಾರಮ್ಮ ತಿರುಗಿಯೂ ನೋಡಲಿಲ್ಲ. "ಹಾಕಿದ್ದೀರಿ ಕಣಕ್ಕ. ಓಡೋಗಕ್ಕೆ ಆ ಬಾಗ್ಲಿಗೇನು ಕಾಲೈತಾ?"

ಬಾಗಿಲಿಗೆ ಕಾಲಿರಲಿಲ್ಲ, ಮಕ್ಕಳಿಗಿತ್ತು. ಅಂಗನವಾಡಿಯ ಹಿಂಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ನಂಜಪ್ಪನ ಹಿಪ್ಪುನೇರಳೆ ತೋಟ. ರಾಮನಗರದ ಪೇಟೆ ಮುಗಿದು ಹೊಲ ಶುರುವಾಗುವುದೇ ಅಲ್ಲಿಂದ. ಹತ್ತೊಂಬತ್ತು ವರ್ಷ ಚನ್ನಬಸಮ್ಮ ಪಾಠ ಮಾಡಿದ್ದೆಲ್ಲ ಆ ಬಾಗಿಲಿನಾಚೆ. ಹೊಂಗೆ ಬೀಜ ಎಣಿಸಿ ಲೆಕ್ಕ, ಒದ್ದೆ ಮಣ್ಣಿನಲ್ಲಿ ಬೆರಳೂರಿ ಅಕ್ಷರ, ಎಲೆ ಸವರಿ ಒರಟು ಯಾವುದು ನುಣುಪು ಯಾವುದು ಎಂಬ ತೀರ್ಮಾನ. ಇಲಾಖೆ ಕೊಟ್ಟ ಚಾರ್ಟುಗಳು ಸುರುಳಿ ಬಿಚ್ಚದೆ ಮೂಲೆಯಲ್ಲಿ ಹಲ್ಲಿಗಳಿಗೆ ಮನೆಯಾಗಿದ್ದವು. ಮೇಲ್ವಿಚಾರಕಿ ಬಂದು ಮಕ್ಕಳ ಉಗುರು ನೋಡಿ ಹುಬ್ಬು ಗಂಟಿಕ್ಕಿದರೆ, "ತೊಳುದ್ರೆ ಹೋಯ್ತದೆ ಬುಡಿ ಮೇಡಂ" ಎಂದು ನಗುವಷ್ಟು ಜಂಬ ಆಗ ಅವಳಿಗಿತ್ತು.

ಈಗ ಚಾರ್ಟುಗಳು ಗೋಡೆಗೇರಿವೆ. ಹತ್ತು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು, ಕಡ್ಡಿ ತೋರಿಸಿದ ಕಡೆಗೆ "ಮಾವು", "ಬಾಳೆ" ಎನ್ನುತ್ತವೆ. ಮೇಲ್ವಿಚಾರಕಿಗೆ ಬಹಳ ಸಂತೋಷ.

ಆದದ್ದು ಎರಡು ತಿಂಗಳ ಹಿಂದೆ. ನಂಜಪ್ಪ ತೋಟದ ಬದುವಿನಲ್ಲಿ ನಾಲ್ಕು ಗಿಡಗಳನ್ನು ಕತ್ತರಿಸದೆ ಹಾಗೇ ಬೆಳೆಯಲು ಬಿಟ್ಟಿದ್ದ. ಅವುಗಳಲ್ಲಿ ಹಣ್ಣು ಕಪ್ಪಾದ ದಿನ ಮಕ್ಕಳಿಗೆಲ್ಲ ತೋಟದಲ್ಲೇ ಶಾಲೆ. ಇದು ವರ್ಷ ವರ್ಷದ ಪದ್ಧತಿ. ರೇಷ್ಮೆ ಸೀಮೆಯಲ್ಲಿ ಯಾರೂ ಹಿಪ್ಪುನೇರಳೆಯನ್ನು ಅನುಮಾನಿಸುವುದಿಲ್ಲ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೂ ರೇಷ್ಮೆಹುಳ ಬೆಳಗಾಗುವಷ್ಟರಲ್ಲಿ ಸೊರಗಿ ಬೀಳುತ್ತದೆಂದು ಇಲ್ಲಿನವರು ಅದಕ್ಕಾಗಿ ಜಗಳ ಆಡಿಯಾರು. ಹುಳ ಮೇಯುವ ಗಿಡದಿಂದ ಕೂಸಿಗೆ ಕೇಡಾದೀತೆಂದು ಚನ್ನಬಸಮ್ಮನಿಗೆ ಹೇಗೆ ಹೊಳೆಯಬೇಕು? ಆದರೆ ಆ ಬೆಳೆಗೆ ನಂಜಪ್ಪ ಹುಳವನ್ನೇ ತಂದಿರಲಿಲ್ಲ. ಗಿಡಕ್ಕೆ ನುಸಿ ಬಿದ್ದಿತ್ತು; ಹೇಗೂ ಹುಳ ಇಲ್ಲವಲ್ಲ ಎಂದು ಹಿಂದಿನ ದಿನ ಔಷಧಿ ಹೊಡೆದಿದ್ದ. ಹೇಳಬೇಕೆಂದು ಅವನಿಗೂ ಹೊಳೆಯಲಿಲ್ಲ.

ಎಂಟು ಮಕ್ಕಳು ತಿಂದರು. ಏಳು ಮಂದಿ ವಾಂತಿ ಮಾಡಿಕೊಂಡು ಸಂಜೆಗೆ ಚೇತರಿಸಿಕೊಂಡರು. ಎಂಟನೆಯವಳು ಇಸ್ಮತ್, ನಾಲ್ಕು ವರ್ಷದವಳು, ಬಾಯಲ್ಲಿ ನೊರೆ ಬಂದು ಚನ್ನಬಸಮ್ಮನ ತೊಡೆಯ ಮೇಲೆಯೇ ಕಣ್ಣು ಮೇಲೆ ಮಾಡಿದಳು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿದಳು.

ಯಾರೂ ಚನ್ನಬಸಮ್ಮನನ್ನು ಬೈಯಲಿಲ್ಲ. ನಂಜಪ್ಪ ಬಂದು ಅತ್ತ. ಇಸ್ಮತ್‌ಳ ಅಪ್ಪ ತಾಜ್ ಪಾಷಾ, "ನಿಮ್ದೇನ್ ತಪ್ಪೈತೆ ಟೀಚರಮ್ಮ" ಎಂದು ಕೈ ಮುಗಿದ. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಅಷ್ಟಾದರೂ ಉರಿಯುತ್ತಿತ್ತು. ಆವತ್ತಿನಿಂದ ಅವಳ ಮನಸ್ಸು ಮರಗಟ್ಟಿಹೋಗಿತ್ತು. ಅಳು ಬರಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಒಮ್ಮೆ ಮಾರಮ್ಮ ಸಾರಿಗೆ ಉಪ್ಪು ಮರೆತಿದ್ದಳು. ಚನ್ನಬಸಮ್ಮ ತಟ್ಟೆ ಖಾಲಿ ಮಾಡಿ ಎದ್ದಳು, ಅವಳಿಗೆ ಗೊತ್ತೇ ಆಗಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಆ ದಿನ ಅವಳು ಒಂದು ಹಣ್ಣನ್ನೂ ತಿಂದಿರಲಿಲ್ಲ. ಎಲ್ಲರಿಗೂ ಹಂಚಿ ತನಗೆಂದು ಎರಡು ತೆಗೆದುಕೊಂಡಿದ್ದಳು. ಅಷ್ಟರಲ್ಲಿ ರೇಷನ್ನಿನ ಆಟೋ ಬಂತು. ಹಣ್ಣನ್ನು ಮೋಟುಗೋಡೆಯ ಮೇಲಿಟ್ಟು ಓಡಿದ್ದಳು. ಮೊದಲು ತಾನೇ ಬಾಯಿಗೆ ಹಾಕಿಕೊಂಡಿದ್ದರೆ ವಾಸನೆಯಾದರೂ ತಿಳಿಯುತ್ತಿತ್ತು.

"ಟೀಚರಮ್ಮ."

ಮುಂಬಾಗಿಲಲ್ಲಿ ತಾಜ್ ಪಾಷಾನ ತಾಯಿ ಕರೀಮುನ್ನೀಸಾ ನಿಂತಿದ್ದಳು. ಅವಳ ಕೈ ಹಿಡಿದುಕೊಂಡು ಇಸ್ಮತ್. ಕೂಸು ಇಳಿದುಹೋಗಿತ್ತು, ಫ್ರಾಕು ಭುಜದಿಂದ ಜಾರುತ್ತಿತ್ತು. ಈ ಗಳಿಗೆಯನ್ನು ನೆನೆದು ಚನ್ನಬಸಮ್ಮ ಎಷ್ಟು ಹೆದರಿದ್ದಳೋ, ಈಗ ನೋಡಿದರೆ ಏನೂ ಅನ್ನಿಸಲಿಲ್ಲ. "ಬಾ, ಕೂತ್ಕೊ" ಎಂದಳು.

ಕರೀಮುನ್ನೀಸಾ ಕೂರಲಿಲ್ಲ. ನಲವತ್ತು ವರ್ಷ ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಬಿಚ್ಚಿ ನೂಲು ತೆಗೆದವಳು. ಬೆರಳ ತುದಿಗಳು ಬೆಳ್ಳಗೆ ಬೆಂಡಾಗಿದ್ದವು. "ಇವ್ಳು ಹಣ್ಣು ಅಂದ್ರೆ ಸಾಕು, ಬಾಯಿ ಮುಚ್ಕೊಂಬುಡ್ತಾಳೆ. ಬಾಳೆಹಣ್ಣೂ ಬ್ಯಾಡ, ದ್ರಾಕ್ಷಿನೂ ಬ್ಯಾಡ. ಡಾಕ್ಟ್ರು ತಿನ್ಸಿ ತಿನ್ಸಿ ಅಂತಾರೆ. ನೀವ್ ಕೊಡಿ, ತಿಂದಾಳು."

ಅವಳು ಸ್ಟೀಲ್ ಡಬ್ಬಿ ಬಿಚ್ಚಿದಳು. ಒಳಗೆ ಏಳೆಂಟು ಕಪ್ಪು ಹಿಪ್ಪುನೇರಳೆ ಹಣ್ಣು. "ನಮ್ ಹಿತ್ಲುದು. ನಾನೇ ನೀರಾಕಿ ಬೆಳ್ಸಿದ್ದು."

"ನನ್ ಕೈಲಾಗಕಿಲ್ಲ ಕಣಮ್ಮ. ಇದೇ ಕೈಲಿ ಕೊಟ್ಟಿದ್ದೆ."

"ಅದುಕ್ಕೇ ಬಂದಿದ್ದು" ಎಂದಳು ಮುದುಕಿ. "ಆ ಹೆದ್ರಿಕೆ ನಿಮ್ ಕೈಯಿಂದ ಬಂದೈತೆ. ನೀವೇ ಬಿಡಿಸ್ಬೇಕು."

ಎರಡು ತಿಂಗಳಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಚನ್ನಬಸಮ್ಮ ಕುಕ್ಕರುಗಾಲಿನಲ್ಲಿ ಕೂತು ಒಂದು ಹಣ್ಣು ತೆಗೆದುಕೊಂಡಳು. ಕೂಸಿನ ಬಾಯಿಯ ಹತ್ತಿರ ಹಿಡಿದಳು. ಇಸ್ಮತ್ ತುಟಿ ಬಿಗಿದು ಮುಖ ತಿರುಗಿಸಿದಳು.

"ಯಾಕೆ ಕಂದ? ಹೊಟ್ಟೆನೋವು ಬತ್ತದೆ ಅಂತ ಭಯವಾ?"

ಕೂಸು ಅಲ್ಲವೆಂದು ತಲೆಯಾಡಿಸಿತು. ಅಜ್ಜಿಯ ಕಡೆ ಕದ್ದು ನೋಡಿ, ಟೀಚರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು. "ಗೋಡೆ ಮ್ಯಾಲೆ ನಿಮ್ದು ಎಲ್ಡು ಇತ್ತಲ್ಲ. ನಾನ್ ತಿಂದ್ಬುಟ್ಟೆ."

ಚನ್ನಬಸಮ್ಮ ಕೈಯಲ್ಲಿದ್ದ ಹಣ್ಣನ್ನು ಡಬ್ಬಿಗೆ ವಾಪಸು ಹಾಕಿದಳು.

"ನಿಮ್ದು ತಿಂದೆ, ಅದುಕ್ಕೆ ನಂಗೆ ಸೂಜಿ ಚುಚ್ಚಿದ್ರು."

ಒಂಬತ್ತು ದಿನ ಆಸ್ಪತ್ರೆಯಲ್ಲಿ, ಉಳಿದ ದಿನವೆಲ್ಲ ಮನೆಯಲ್ಲಿ, ಈ ಮಾತನ್ನು ಕೂಸು ತಾನೊಂದೇ ಹೊತ್ತುಕೊಂಡಿತ್ತು. ಚನ್ನಬಸಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇಲ್ಲ ಕಂದ, ಇಲ್ಲ" ಎಂದಳು.

ಇಸ್ಮತ್ ಡಬ್ಬಿಯಿಂದ ಎರಡು ಹಣ್ಣು ಆರಿಸಿ ಅವಳ ಅಂಗೈಯಲ್ಲಿಟ್ಟಳು. ಆರಿಸಿದ್ದು ದೊಡ್ಡವೇ. "ನಿಮ್ದು" ಎಂದಳು. "ತಿನ್ನಿ."

ಚನ್ನಬಸಮ್ಮ ಒಂದನ್ನು ಬಾಯಿಗೆ ಹಾಕಿಕೊಂಡಳು. ಹುಳಿ ನಾಲಿಗೆಗೆ ತಾಗಿ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು. ಅವಳ ದವಡೆ ಆಡುವುದನ್ನೇ ಇಸ್ಮತ್ ನೋಡುತ್ತಿದ್ದಳು.

"ಇನ್ನೊಂದು."

ಅದನ್ನೂ ತಿಂದಳು.

"ಆ ಅನ್ನಿ."

ಚನ್ನಬಸಮ್ಮ ಬಾಯಿ ತೆರೆದಳು. ಕೂಸು ಬಗ್ಗಿ, ಎರಡೂ ಮುಗಿದಿವೆಯೆಂದು ಖಾತರಿ ಮಾಡಿಕೊಂಡಿತು. ಆಮೇಲೆ ಡಬ್ಬಿಗೆ ಕೈ ಹಾಕಿ ಒಂದು ಹಣ್ಣು ತೆಗೆದು ತನ್ನ ಬಾಯಿಗಿಟ್ಟುಕೊಂಡಿತು. ಕರೀಮುನ್ನೀಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಲೆಯ ಹತ್ತಿರ ಮಾರಮ್ಮನ ಸೌಟು ನಿಂತಿತ್ತು.

ಕೆನ್ನೆ ಉಬ್ಬಿಸಿಕೊಂಡೇ ಇಸ್ಮತ್ ಚಾಪೆಯ ಮಕ್ಕಳನ್ನು ದಾಟಿ ನೇರವಾಗಿ ಹಿಂಬಾಗಿಲಿಗೆ ಹೋದಳು. ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಚಿಲಕ ಇನ್ನೂ ಒಂದು ಗೇಣು ಮೇಲಿತ್ತು. ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಅವಳು ತಿರುಗಿ ಟೀಚರನ್ನು ನೋಡಿದಳು.