ತಾಯಿಯ ಮೆಟ್ಟು

ಮೆಟ್ಟು ಹೊಲಿಯುವವನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅವನ ಹೆಂಡತಿಯ ಕಾಲಸಪ್ಪಳದಿಂದ. ಟಪಾರ್, ಟಪಾರ್ ಎಂದು ಹಿತ್ತಿಲಿಂದ ಬಾವಿಗೆ, ಬಾವಿಯಿಂದ ಕೊಟ್ಟಿಗೆಗೆ. ಕಾಲಿಗಿಂತ ಮೂರು ಬೆರಳು ಉದ್ದದ ಮೆಟ್ಟು. ತುದಿಗೆ ಚಿಂದಿ ತುರುಕಿದ್ದರೂ ಅದು ಒಂದು ದಾರಿ, ಅವಳು ಒಂದು ದಾರಿ.

"ಊರಿಗೆಲ್ಲ ಅಳತೆ ನೋಡಿ ಹೊಲಿಯೋನು, ಕಟ್ಟಿಕೊಂಡವಳಿಗೆ ದೋಣಿ ಹೊಲಿದುಕೊಟ್ಟಿದ್ದಾನೆ ನೋಡು!" ಎಂದು ನೆರೆಮನೆಯ ಹಾಲಿನವಳು ಆಡಿಕೊಳ್ಳುತ್ತಿದ್ದಳು. ಗಂಡ ಹೆಂಡತಿ ನಕ್ಕುಬಿಡುತ್ತಿದ್ದರು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ತಾಯಿಯ ಮೆಟ್ಟು ಮಗಳ ಕಾಲಿಗೆ ಸರಿಹೋದ ವರ್ಷವೇ ಅವಳ ಮದುವೆ. ವಯಸ್ಸನ್ನು ಕೇಳುವವರಿಲ್ಲ, ಓದನ್ನು ಕೇಳುವವರಿಲ್ಲ. ಅವನ ಅಕ್ಕನಿಗೆ ಹನ್ನೆರಡಕ್ಕೇ ಸರಿಹೋಯಿತು. ಹದಿನಾಲ್ಕಕ್ಕೆ ಹೆರಿಗೆಯಲ್ಲಿ ತೀರಿಕೊಂಡಳು. ಆದ್ದರಿಂದ ಮಗಳ ಕಾಲು ಬೆಳೆದಂತೆಲ್ಲ ಅವನು ಹೆಂಡತಿಯ ಮೆಟ್ಟನ್ನೂ ಗುಟ್ಟಾಗಿ ಬೆಳೆಸುತ್ತ ಬಂದಿದ್ದ.

ಮಗಳು ದೊಡ್ಡವಳಾಗುತ್ತಿರುವುದು ಅವನಿಗೆ ಅವಳ ಕಾಲಿನಿಂದಲೇ ತಿಳಿಯುತ್ತಿತ್ತು. ಮೊನ್ನೆ ಮೊನ್ನೆ ಅಂಗೈಯಲ್ಲಿ ಅಡಗುತ್ತಿದ್ದ ಪಾದ. ಒಂದು ದಿನ ಮಳೆ ನಿಂತ ಅಂಗಳದ ಹೆಜ್ಜೆಗುರುತು ನೋಡಿ, "ಯಾರೇ ಬಂದಿದ್ದರು?" ಎಂದು ಕೇಳಿದ.

"ನಿಮ್ಮ ಮಗಳೇ ರೀ!" ಎಂದು ಹೆಂಡತಿ ನಕ್ಕಳು. ಅವನಿಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಮಕ್ಕಳು ಬೆಳೆಯುವುದನ್ನು ಕಂಡು ಹಿಗ್ಗಬೇಕಾದ ಹೆತ್ತವರು ಅದನ್ನೇ ಬಚ್ಚಿಡುವಂತೆ ಮಾಡುವ ಪದ್ಧತಿಗೆ ಏನೆನ್ನಬೇಕು?

ವರ್ಷಕ್ಕೊಮ್ಮೆ ಅಜ್ಜಿ, ಅಂದರೆ ಅವನ ತಾಯಿ, ಮೊಮ್ಮಗಳನ್ನು ಜಗಲಿಯಲ್ಲಿ ಕೂರಿಸಿ ಸೊಸೆಯ ಮೆಟ್ಟು ಹಾಕಿಸಿ ನೋಡುತ್ತಿದ್ದಳು. ಹುಡುಗಿಗೆ ಹದಿಮೂರು ತುಂಬಿದ ಆ ವರ್ಷ ಚರ್ಮದ ವ್ಯಾಪಾರಿಯೂ ಬಂದು ಕೂತಿದ್ದ. ಅವನ ಮಗನಿಗೆ ಹೆಣ್ಣು ಬೇಕಿತ್ತು.

ಹುಡುಗಿ ಕಾಲಿಟ್ಟಳು. ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಉಳಿಯಿತು.

"ಇದೇನೋ ಇದು?" ಎಂದಳು ಅಜ್ಜಿ. "ಹೋದ ವರ್ಷವೂ ಎರಡು ಬೆರಳು, ಅದರ ಹಿಂದಿನ ವರ್ಷವೂ ಎರಡು ಬೆರಳು. ಹುಡುಗಿ ನನ್ನ ಭುಜ ದಾಟಿದ್ದಾಳೆ, ಕಾಲು ಮಾತ್ರ ಮುಷ್ಕರ ಹೂಡಿದೆಯಾ?"

ಅಚ್ಚುಕಟ್ಟು ಕೆಲಸಗಾರನ ತಪ್ಪು ಅಲ್ಲೇ ಇತ್ತು. ಪ್ರತಿ ಸಲವೂ ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಎರಡೇ ಬೆರಳು ಬಿಟ್ಟಿದ್ದ.

ಅಜ್ಜಿ ಸೊಸೆಯನ್ನೂ ಕರೆದು ಇಬ್ಬರ ಬರಿಗಾಲನ್ನು ಜೋಡಿಸಿ ನಿಲ್ಲಿಸಿದಳು. ಮಗಳದೇ ಒಂದು ಬೆರಳು ಮುಂದಿತ್ತು! ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲಯ್ಯಾ, ನನ್ನ ಹತ್ತಿರ ಅಷ್ಟೊಂದು ಚರ್ಮ ಕೊಂಡಿದ್ದು ಇದಕ್ಕಾ?"

"ಮುಂದಿನ ತಿಂಗಳೇ ಮದುವೆ," ಎಂದಳು ಅಜ್ಜಿ.

ಮೆಟ್ಟು ಹೊಲಿಯುವವನು ದಬ್ಬಳ ಕೆಳಗಿಟ್ಟು ಎದ್ದ. "ಇಲ್ಲಮ್ಮ. ಕದ್ದುಮುಚ್ಚಿ ಮಾಡಿದ್ದು ನನ್ನ ತಪ್ಪು. ಇವತ್ತು ಬಾಯಿಬಿಟ್ಟೇ ಹೇಳ್ತೀನಿ. ಮದುವೆ ಮಾಡಲ್ಲ. ಅವಳು ದೊಡ್ಡ ಶಾಲೆಗೆ ಹೋಗ್ತಾಳೆ."

"ಹಿರಿಯರೆಲ್ಲ ದಡ್ಡರೇನೋ? ಹನ್ನೊಂದಕ್ಕೆ ನಾನು ಮದುವೆ ಆಗಲಿಲ್ವಾ?"

"ಆದೆ. ಮದುವೆ ದಿನವೇ ನಿನ್ನ ಕಾಲು ಬೆಳೆಯೋದು ನಿಂತುಹೋಯ್ತಾ? ಅಕ್ಕಂದು ಕೊನೇವರೆಗೂ ಬೆಳೀತಾನೇ ಇತ್ತಲ್ಲಮ್ಮ."

ಅಜ್ಜಿ ತನ್ನ ಕಾಲನ್ನೇ ನೋಡಿಕೊಂಡು, "ಆರೇ ತಿಂಗಳಿಗೆ ಮೆಟ್ಟು ಕಚ್ಚೋಕೆ ಶುರುವಾಯ್ತು," ಎಂದಳು. "ಅತ್ತೆ ಹತ್ತಿರ ಬೇರೇದು ಕೇಳೋಕೆ ಹೆದರಿಕೆ. ಬೆರಳು ಮಡಚಿಕೊಂಡೇ ನಡೆದೆ."

ಇಷ್ಟು ವರ್ಷ ತಾಯಿಗೆ ಮೆಟ್ಟು ಹೊಲಿದ ಮಗ, ಬಾಗಿದ ಆ ಬೆರಳುಗಳನ್ನು ಮುಪ್ಪಿನ ಗುರುತೆಂದೇ ತಿಳಿದಿದ್ದ.

ವ್ಯಾಪಾರಿ ಕೆಮ್ಮಿದ. "ಹಾಗಾದ್ರೆ ನನ್ನ ಮಗನ ವಿಷಯ..."

"ಹೋಗಿ ಬಾರಪ್ಪ. ಅವನೂ ಮೊದಲು ಮೂಗು ಒರೆಸ್ಕೊಳ್ಳೋದು ಕಲೀಲಿ," ಎಂದಳು ಅಜ್ಜಿ. ಹುಡುಗಿ ಕಿಸಕ್ಕೆಂದಳು. ಸೊಸೆ ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ.

"ಅಪ್ಪಾ, ದೊಡ್ಡ ಶಾಲೆಗೆ ಮೂರು ಮೈಲಿ ನಡೀಬೇಕು. ನನಗೂ ಒಂದು ಜೊತೆ ಹೊಲಿದುಕೊಡು."

ಅವನು ಕಾಗದ ಹಾಸಿ, ಮಗಳ ಪಾದ ಇಡಿಸಿ, ಸುತ್ತಲೂ ಇದ್ದಿಲಿನಿಂದ ಗೆರೆ ಎಳೆಯತೊಡಗಿದ. ಅಜ್ಜಿ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಬಗ್ಗಿ ನೋಡಿದಳು.

"ಬೆರಳಿಗೆ ಅಷ್ಟು ಒತ್ತಿ ಗೆರೆ ಎಳೀಬೇಡವೋ," ಎಂದಳು. "ಇನ್ನೂ ಬೆಳೆಯೋ ಕಾಲು."