ಹದಿನೇಳನೇ ಗಿಡದ ಮಕ್ಕಳು

"ಹದಿನೇಳು ತನ್ನ ಗುಣ ಮಕ್ಕಳಿಗೆ ಕೊಡಲ್ಲ, ಕಿತ್ತುಬಿಡೋಣ" ಎಂದು ಮೇಡಂ ಹೇಳಿದರು. ಅದು ಸುಳ್ಳೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ನನಗೆ ಮತ್ತು ನನ್ನ ತಂಗಿಗೆ. ತಂಗಿ ಉಗುರು ನೋಡಿಕೊಳ್ಳುತ್ತಿದ್ದಳು.

ನಮ್ಮದು ಬೆರ್ರಿ ತಳಿ ಬೆಳೆಸುವ ಕೇಂದ್ರ, ಮೇಡಂ ಅದರ ಮುಖ್ಯಸ್ಥೆ. ಬೇರೆ ಬೆರ್ರಿ ಹಿಸುಕಿದರೆ ಒಳಗೆಲ್ಲ ಬಿಳಿಚು. ಹದಿನೇಳರ ಹಣ್ಣು ಒಳಗೂ ಕಡುನೇರಳೆ, ಆ್ಯಂಟಿಆಕ್ಸಿಡೆಂಟ್ ಮೂರು ಪಟ್ಟು. ಸಾವಿರಾರು ಸಸಿಗಳ ನಡುವೆ ಅದನ್ನು ಹುಡುಕಿದವಳು ನಾನು. ಇದ್ದದ್ದು ಒಂದೇ ಗಿಡ, ಹಣ್ಣು ಮಾತ್ರ ಹುಳಿ. ಆ ಬಣ್ಣದ ಜೀನನ್ನು ಸಿಹಿ ಹಣ್ಣಿನ ತಾಯಿಗಿಡಕ್ಕೆ ದಾಟಿಸಬೇಕಿತ್ತು. ತಾಯಿಯ ಮೊಗ್ಗು ಅರಳುವ ಮೊದಲೇ ಚಿಮಟದಿಂದ ಕೇಸರಗಳನ್ನೆಲ್ಲ ಕಿತ್ತು, ಹದಿನೇಳರ ಪರಾಗ ಸವರಿ ಚೀಲ ಕಟ್ಟಬೇಕು. ಕೇಸರ ಉಳಿದರೆ ಹೂವು ತನ್ನ ಪರಾಗಕ್ಕೇ ಕಾಯಿ ಕಟ್ಟಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷದಿಂದ ಈ ಕೆಲಸಕ್ಕೆ ನನ್ನ ಕೈಯನ್ನು ಬಿಟ್ಟು ಬೇರೆ ಕೈ ನಂಬಿದವರಿಲ್ಲ.

ಪರಾಗ ಸವರಬೇಕಿದ್ದ ವರ್ಷ ಹೂ ಬಿಡುವ ವಾರದಲ್ಲೇ ಅಮ್ಮ ಬಿದ್ದು ಸೊಂಟ ಮುರಿದುಕೊಂಡಳು. ನಾಲ್ಕು ದಿನ ನಾನು ಆಸ್ಪತ್ರೆಯಲ್ಲಿ. ನಮ್ಮ ಕೇಂದ್ರದಲ್ಲೇ ಕುಂಡ ತೊಳೆಯುತ್ತಿದ್ದ ತಂಗಿಗೆ ಚಿಮಟ ಕೊಟ್ಟು, ಯಾರಿಗೂ ಹೇಳದೆ ಮಾಡೆಂದು ಬಂದಿದ್ದೆ. ತಪ್ಪು ನನ್ನದೂ ಇದೆ, ಇಲ್ಲ ಎನ್ನುವುದಿಲ್ಲ. ವಾಪಸು ಬಂದು ಚೀಲ ಬಿಚ್ಚಿದರೆ ಕೇಸರಗಳು ಹಾಗೇ ಇದ್ದವು.

"ಕೀಳಲೇ ಇಲ್ವಾ ನೀನು?"

"ಅಷ್ಟು ಹೂವು ಒಬ್ಬಳೇ ಹೇಗೆ ಕೀಳ್ಲಿ ಅಕ್ಕ? ಪರಾಗ ಹಾಕಿದೀನಲ್ಲ, ಹಿಡಿಯುತ್ತೆ ಬಿಡು."

ಮುಂದಿನ ತಿಂಗಳು ಅವಳ ಕೆಲಸ ಕಾಯಂ ಆಗುವುದಿತ್ತು. ಬಾಯಿ ಬಿಟ್ಟರೆ ಅವಳು ಮನೆಗೆ. "ಚಿಕ್ಕವಳನ್ನ ನೋಡ್ಕೋ" ಎಂದು ಅಮ್ಮ ಕೂಡ ಹಾಸಿಗೆಯಿಂದ ಹೇಳಿದ್ದಳು. ಚೀಲಕ್ಕೆ ಕಟ್ಟುವ ಪ್ರತಿ ಚೀಟಿಯ ಮೇಲೂ, ಕೆಲಸ ಮಾಡಿದವಳು ನಾನೇ ಎಂಬಂತೆ, ನನ್ನ ರುಜು ಹಾಕಿದೆ. ಅರ್ಧವಾದರೂ ಸರಿಯಾಗಿರಬಹುದೆಂದು ನನಗೆ ನಾನೇ ಹೇಳಿಕೊಂಡೆ. ಮೂರು ವರ್ಷದ ಮೇಲೆ ಆ ಬೀಜಗಳಿಂದ ಬೆಳೆದ ಅರವತ್ತು ಗಿಡ ಹಣ್ಣು ಬಿಟ್ಟವು. ಅರವತ್ತೂ ಒಳಗೆ ಬಿಳಿಚು.

"ಇವು ಹದಿನೇಳರ ಮಕ್ಕಳೇನಾ ಅಂತ ಒಂದು ಸಲ ಎಲೆ ಪರೀಕ್ಷೆ ಮಾಡಿಸಿದ್ರೆ?" ಎಂದು, ಮೇಡಂ ಕಿತ್ತುಬಿಡೋಣ ಎಂದ ದಿನ ಕೇಳಿದ್ದು ನಾನೇ.

ಮೇಡಂ ನಕ್ಕರು. "ನಿಮ್ಮ ಕೈಕೆಲಸಕ್ಕೆ ಪರೀಕ್ಷೆನಾ? ನಿಮ್ಮ ರುಜು ಇದ್ರೆ ಸಾಕು."

ಮರುದಿನ ಹದಿನೇಳನ್ನು ಬೇರುಸಮೇತ ಕಿತ್ತು ಪುಡಿ ಮಾಡುವ ಯಂತ್ರಕ್ಕೆ ಹಾಕಿದರು. ಒಂದು ಕಡ್ಡಿ ಕದ್ದು ನೆಡಬಹುದಿತ್ತಲ್ಲ ಎಂದು ಕೇಳಬೇಡಿ, ಮೈ ಉರಿಯುತ್ತದೆ. ನನಗೆ ಅಷ್ಟೂ ಧೈರ್ಯವಿರಲಿಲ್ಲ.

ಎರಡು ತಿಂಗಳಾಗಿತ್ತು. ಹದಿನೇಳರ ಬಗ್ಗೆ ಮೇಡಂ ಬರೆದ ಲೇಖನ ಓದಿದವರು ಪುರಾವೆ ಕೇಳಿದರಂತೆ, ಎಲೆ ಪರೀಕ್ಷೆ ಆಗಿಯೇ ಹೋಯಿತು. ಅರವತ್ತರಲ್ಲಿ ಒಂದರಲ್ಲೂ ಹದಿನೇಳರ ಗುರುತಿಲ್ಲ, ಎಲ್ಲವೂ ತಾಯಿಯವೇ. ಮೇಡಂ ನನ್ನನ್ನು ಕರೆಸಿ, ಕೂರಲು ಹೇಳಿದರು. ದನಿ ಮೆತ್ತಗಿತ್ತು, ಅದೇ ಹೆಚ್ಚು ಉರಿಸಿತು.

"ಕಣ್ಣು ಮಂಜಾಗ್ತಿದೆ ಅಂತ ಆಗಲೇ ಹೇಳಬಾರ್ದಿತ್ತಾ? ಪಾಪ, ನಿಮ್ಮ ತಂಗಿ ಅಳುತ್ತಾ ಹೇಳಿದ್ರು. ನೀವು ನೊಂದ್ಕೋತೀರಿ ಅಂತ ಇಷ್ಟು ದಿನ ಮುಚ್ಚಿಟ್ಟಿದ್ರಂತೆ."

ಚೀಟಿಗಳು ಮೇಜಿನ ಮೇಲಿದ್ದವು. ಎಲ್ಲದರ ಮೇಲೂ ನನ್ನದೇ ರುಜು. ನಿಜ ಹೇಳಿದರೂ ಯಾರು ನಂಬುತ್ತಾರೆ? ನನ್ನನ್ನು ಕುಂಡ ತೊಳೆಯುವಲ್ಲಿಗೆ ಹಾಕಿದರು, ಚಿಮಟ ತಂಗಿಗೆ ಹೋಯಿತು.

ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಒಬ್ಬಳೇ ಸಿಕ್ಕಳು.

"ನನ್ನ ಕಣ್ಣು ಚೆನ್ನಾಗೇ ಇದೆ" ಎಂದೆ.

ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ.

"ಗೊತ್ತು ಅಕ್ಕ" ಎಂದಳು.